ಒಂದು ಇಲ್ಲಿ, ಒಂದು ಅಲ್ಲಿ

ಪುಣೆಯ ನಿಗಡಿಯಲ್ಲಿರುವ ನಮ್ಮ ಮನೆಯ ಬಾಗಿಲ ಹೊರಗೆ ಚಪ್ಪಲಿ ಇಡುವ ಸ್ಟ್ಯಾಂಡ್ ಇದೆ. ಅದರ ಮೇಲಿನ ಹಲಗೆಯ ಮೇಲೆ ಒಂದೇ ಒಂದು ಬೂಟು ಕೂತಿದೆ. ಹೆಂಗಸರದು, ಬಲಗಾಲಿನದು, ಬೂದಿ ಬಣ್ಣದ್ದು, ಅಡಿ ದಪ್ಪಗಿದೆ. ಎಡಗಾಲಿನದು ಎಲ್ಲಿ ಎಂದು ಕೇಳಬೇಡಿ; ಕೇಳಿದರೆ ಹೇಳುವುದು ದೀರ್ಘವಾಗುತ್ತದೆ. ನೀವು ಕೇಳದಿದ್ದರೂ ಹೇಳುವವನು ನಾನು, ಅದು ಬೇರೆ ಮಾತು.

ನಮ್ಮ ಮನೆಗೆಲಸದ ಮಂಗಲ್‌ತಾಯಿ ಪ್ರತಿ ದೀಪಾವಳಿಗೆ ಸ್ಟ್ಯಾಂಡ್ ಒರೆಸುವಾಗ ಆ ಬೂಟನ್ನು ಎರಡು ಬೆರಳಲ್ಲಿ ಹಿಡಿದು ಎತ್ತುತ್ತಾಳೆ. "ಕಾಕಾ, ಹಾ ಏಕಚ ಬೂಟ ಕಶಾಲಾ ಠೇವಲಾಯ? ಟಾಕೂ ಕಾ?" ಒಂದೇ ಬೂಟು ಯಾಕೆ ಇಟ್ಟಿದ್ದೀರಿ, ಎಸೆಯಲೇ ಎಂದು ಅವಳ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಹೆಂಡತಿ ಶಕುಂತಲಾ ಕೂಗುತ್ತಾಳೆ, "ರಾಹೂ ದೇ ಗ!" ಇರಲಿ ಬಿಡು ಅಂತ. ಬೂಟು ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ, ನಾನು ಪೇಪರಿನೊಳಗೆ ಮುಖ ಇಡುತ್ತೇನೆ.

ಇದರ ಮೂಲ ನನ್ನ ಸೋದರಮಾವ. ಹಣಮಂತಮಾಮ ಧಾರವಾಡದಲ್ಲಿದ್ದ. ಒಮ್ಮೆ ಯಾರದೋ ಮದುವೆಗೆಂದು ಹೊಸ ಕೊಲ್ಲಾಪುರಿ ಚಪ್ಪಲಿ ಹಾಕಿಕೊಂಡು ಹೋದ. ನಡೆದರೆ ಕಿರ್ರ್ ಕಿರ್ರ್ ಎನ್ನುವಂಥದ್ದು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೊರಬಂದರೆ ಚಪ್ಪಲಿ ಇಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಮರದ ನೆರಳಿನಿಂದ ಇನ್ನೊಂದು ಮರದ ನೆರಳಿಗೆ ಓಡುತ್ತ, ಜಿಗಿಯುತ್ತ ಮನೆ ಮುಟ್ಟಿದ. ನಾನು ಜೊತೆಗಿದ್ದೆ, ನನಗಾಗ ಎಂಟು ವರ್ಷ. ಪಾದಕ್ಕೆ ಬೆಣ್ಣೆ ಹಚ್ಚಿಸಿಕೊಳ್ಳುತ್ತ ಮಾಮ ಅಂದೇ ಮನೆಗೆಲ್ಲ ಕಾನೂನು ಮಾಡಿದ. "ಇನ್ನ ಮ್ಯಾಲೆ ಎಲ್ಲೇ ಚಪ್ಪಲ್ ಬಿಟ್ರೂ ಒಂದ ಇಲ್ಲೆ, ಒಂದ ಅಲ್ಲೆ. ಕಳ್ಳಗ ಜೋಡಿ ಹುಡುಕ್ಲಿಕ್ಕೆ ಪುರಸೊತ್ತ ಇರೂದಿಲ್ಲ." ಅಂದಿನಿಂದ ನಮ್ಮ ಮನೆತನದವರು ಗುಡಿಗೆ ಹೋದರೆ ಒಂದು ಚಪ್ಪಲಿ ಬಾಗಿಲಲ್ಲಿ, ಇನ್ನೊಂದು ಬಾವಿಯ ಹತ್ತಿರ. ದರ್ಶನಕ್ಕಿಂತ ಚಪ್ಪಲಿ ಬಿಡುವುದಕ್ಕೇ ಹೆಚ್ಚು ಹೊತ್ತು.

ದೊಡ್ಡವನಾದ ಮೇಲೆ ಬಿಟ್ಟುಹೋಗಬೇಕಾದ ಅಭ್ಯಾಸ ಇದು. ಆದರೆ ನನಗೆ ಸಿಕ್ಕ ನೌಕರಿ ಅದಕ್ಕೆ ಗೊಬ್ಬರ ಹಾಕಿತು. ದೇಹೂ ರೋಡಿನ ಮಿಲಿಟರಿ ಉಗ್ರಾಣದಲ್ಲಿ ಮೂವತ್ತೈದು ವರ್ಷ ಸ್ಟೋರ್‌ಕೀಪರ್ ಆಗಿದ್ದೆ. ಯಾರನ್ನೂ ನಂಬದಿರುವುದು ಅಲ್ಲಿ ನನ್ನ ಕೆಲಸವೇ ಆಗಿತ್ತು, ಮತ್ತು ಆ ಕೆಲಸವನ್ನು ನಾನು ಮನಸ್ಸಿಟ್ಟು ಮಾಡಿದೆ. ಒಮ್ಮೆ ಒಂದು ಮದುವೆಗೆ ಹೋದಾಗ ಚಿಂಚವಡದ ಮಂಗಲ ಕಾರ್ಯಾಲಯದಲ್ಲಿ ಒಂದು ಚಪ್ಪಲಿಯನ್ನು ಬಾಗಿಲಿನಲ್ಲಿ ಬಿಟ್ಟು ಇನ್ನೊಂದನ್ನು ಜನರೇಟರ್ ಹಿಂದೆ ಬಚ್ಚಿಟ್ಟಿದ್ದೆ. ಅನಾಥ ಚಪ್ಪಲಿ ಎಂದು ಯಾರೋ ಅದನ್ನು ಕಸದ ಜೊತೆ ಗುಡಿಸಿ ಒಯ್ದರು. ಒಂದೇ ಚಪ್ಪಲಿಯಲ್ಲಿ ರಿಕ್ಷಾ ಹತ್ತಿದೆ. ಶಕ್ಕು ನಿಗಡಿಯವರೆಗೆ ನಗುತ್ತಲೇ ಬಂದಳು. "ಕಳ್ಳ ಬಿಟ್ಟಿದ್ದ ನೋಡ್ರಿ, ನೀವ ಕಳಕೊಂಡ್ರಿ" ಅಂದಳು. ಅಷ್ಟಾದರೂ ನಾನು ಕಲಿಯಲಿಲ್ಲ.

ಇನ್ನು ಶಕ್ಕುವಿನ ವಿಷಯ. ಅವಳು ಪಿಂಪ್ರಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಇತಿಹಾಸ, ಭೂಗೋಳ ಕಲಿಸುತ್ತಿದ್ದಳು. ವಿಜಯಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ಮಧ್ಯ ಅಮೆರಿಕದ ಮಾಯಾ ಜನರ ಬಗ್ಗೆ ಪಾಠದಲ್ಲಿ ಇದ್ದದ್ದು ನಾಲ್ಕು ಸಾಲು. ನಾಲ್ಕು ಸಾಲಿಗೆ ಇವಳು ನಾಲ್ಕು ಪಿರಿಯಡ್ ತೆಗೆದುಕೊಳ್ಳುತ್ತಿದ್ದಳು. ಹಳೆಯ ಮಾಸಪತ್ರಿಕೆಯೊಂದರಿಂದ ಕತ್ತರಿಸಿದ ಚಿತ್ರವನ್ನು ರಟ್ಟಿಗೆ ಅಂಟಿಸಿ ತರಗತಿಗೆ ಒಯ್ಯುವಳು. ಹೊಂಡುರಾಸ್ ದೇಶದ ಕೊಪಾನ್ ಎಂಬಲ್ಲಿ ಕಾಡಿನ ನಡುವೆ ಇರುವ ಕಲ್ಲಿನ ಮೆಟ್ಟಿಲುಸಾಲು. ತಳದಿಂದ ತುದಿಯವರೆಗೆ ಮೆಟ್ಟಿಲ ತುಂಬ ಅಕ್ಷರಗಳು. ಅವರ ರಾಜರ ಕಥೆಯೆಲ್ಲ ಅದರಲ್ಲಿ ಕೆತ್ತಿದ್ದಾರಂತೆ. ಚಿತ್ರ ದೂರದಿಂದ ತೆಗೆದದ್ದು, ಮಸುಕು.

ಒಂದು ವರ್ಷ ರೇಣುಕಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳಂತೆ. "ಅಕ್ಕಾರ, ಮೆಟ್ಟಲದ ಮ್ಯಾಲ ಅಕ್ಷರ ಬರದಾರ ಅಂದ್ರ ಅವ್ರು ಹತ್ತೂದು ಹೆಂಗ್ರಿ? ಅಕ್ಷರಕ್ಕ ಕಾಲು ತಾಕಿದ್ರ ಪಾಪ ಅಲ್ಲೇನ್ರಿ?"

ನೀವೂ ನಾನೂ ಹಾಗೆ ಬೆಳೆದವರೇ. ಪುಸ್ತಕಕ್ಕೆ ಕಾಲು ತಾಗಿದರೆ ತಟ್ಟನೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಭಜಿ ಕಟ್ಟಿಕೊಟ್ಟ ಪೇಪರಾದರೂ ಸರಿ, ಅದರಲ್ಲಿ ಅಕ್ಷರ ಇದ್ದರೆ ಕಾಲ ಕೆಳಗೆ ಬರಬಾರದು. ನನ್ನ ಅವ್ವ ಓದು ಬರದವಳು, ರಸ್ತೆಯಲ್ಲಿ ಬಿದ್ದ ಬಸ್ ಟಿಕೆಟನ್ನೂ ತುಳಿಯದೆ ಬಳಸಿ ಹೋಗುತ್ತಿದ್ದಳು. ಅಂಥ ಮನೆಯ ಹುಡುಗಿಯೇ ರೇಣುಕಾ. ಗೊತ್ತಿಲ್ಲ ಎಂದು ಸುಮ್ಮನಾಗುವ ಬದಲು ಶಕ್ಕು, "ನಾ ಒಮ್ಮೆ ಹೋಗಿ ನೋಡಿ ಬಂದು ಹೇಳ್ತೀನಿ" ಎಂದುಬಿಟ್ಟಳು. ಇಡೀ ತರಗತಿ ನಕ್ಕಿತು. ಆ ನಗು ಅವಳಿಗೆ ಇಪ್ಪತ್ತೆರಡು ವರ್ಷ ಕಿವಿಯಲ್ಲಿ ಉಳಿಯಿತು.

ಈಗ ಮೊಬೈಲಿನಲ್ಲಿ ಒಂದು ನಿಮಿಷದ ಕೆಲಸವಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. "ಮೊಬೈಲ್‌ನಾಗ ನೋಡಿ ಹೇಳೂದಾದ್ರ ರೇಣುಕಾನ ನೋಡ್ಕೋತಾಳ. ನಾ ಹೋಗಿ ನೋಡಿ ಬಂದು ಹೇಳ್ತೀನಿ ಅಂದೀನಿ" ಎಂದಳು. ಕೊಪಾನಿನ ಚಿತ್ರ ಎಲ್ಲಾದರೂ ಕಂಡರೆ ಅಂಗೈ ಅಡ್ಡ ಹಿಡಿಯುವಳು. ಹಟಮಾರಿ ಎಂದರೆ ಅಷ್ಟು ಹಟಮಾರಿ.

ನಾವಿಬ್ಬರೂ ನಿವೃತ್ತರಾದೆವು, ಅಷ್ಟರಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ಎಡಗಾಲಿಗೆ ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. "ಹೋಗಿ ಬಂದ ಮ್ಯಾಲೆ" ಎಂದಳು ಇವಳು. ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರ ನೋಡಿದೆ. ಕೊನೆಗೆ ಅವರೇ ಕಾಲಿನ ಅಳತೆ ತೆಗೆಸಿ, ಮೊಣಕಾಲಿಗೆ ಭಾರ ಬೀಳದಂತೆ ಒಂದು ಜೊತೆ ಬೂಟು ಮಾಡಿಸಿಕೊಟ್ಟರು. ಇದನ್ನು ಬಿಟ್ಟು ಬೇರೆ ಹಾಕಿಕೊಂಡು ತಿರುಗಿದರೆ ಕಾಲು ಊದುತ್ತದೆ ಎಂದು ಎಚ್ಚರಿಸಿಯೂ ಇದ್ದರು. ಸ್ಟ್ಯಾಂಡಿನ ಮೇಲೆ ಕೂತಿರುವ ಬೂಟು ಆ ಜೊತೆಯದು.

ಅಂತೂ ಒಂದು ಟೂರಿಗೆ ಸೇರಿದೆವು. ಮೆಕ್ಸಿಕೊ ಪಟ್ಟಣದಿಂದ ಹೊರಟು, ಗ್ವಾಟೆಮಾಲಾ ಹಾಯ್ದು, ಹೊಂಡುರಾಸ್‌ವರೆಗೆ ಬಸ್ಸಿನಲ್ಲೇ ಇಪ್ಪತ್ತಾರು ದಿನದ ಪ್ರಯಾಣ. ನಾವು ಹದಿನಾಲ್ಕು ಜನ, ಬೇರೆ ಬೇರೆ ದೇಶದವರು. ಮಾತೇಯೊ ಎಂಬ ಗೈಡ್ ಇದ್ದ. ಇಂಗ್ಲಿಷ್ ಮಾತಾಡುತ್ತಿದ್ದ, ಶಕ್ಕು ಅವನನ್ನು ಮಾಸ್ತರ ಎಂದೇ ಕರೆಯುತ್ತಿದ್ದಳು. ಒಂದೊಂದು ದಿನ ಎಂಟು ತಾಸು, ಹತ್ತು ತಾಸು ಕೂತೇ ಹೋಗುವುದು. ಬೇರೆಯವರು ಸುಸ್ತಾಗುತ್ತಿದ್ದರು. ಮಳೆಗಾಲದ ಸಂಜೆ ಹಿಂಜವಾಡಿಯ ಟ್ರಾಫಿಕ್ಕಿನಿಂದ ನಿಗಡಿಗೆ ಬಂದು ಗೊತ್ತಿರುವ ನನಗೆ ಅದು ದೊಡ್ಡದೆನ್ನಿಸಲಿಲ್ಲ. ಇಲ್ಲಿ ಬಸ್ಸು ಮುಂದಾದರೂ ಹೋಗುತ್ತಿತ್ತು.

ದಾರಿಯ ಊರುಗಳಲ್ಲಿ ಹೆಂಗಸರು ಗೋವಿನಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದ ಕೂಡಲೇ ಶಕ್ಕು ಇಳಿದು ಹೋಗಿ ಪಕ್ಕದಲ್ಲಿ ನಿಲ್ಲುವಳು. ಭಾಷೆ ಬಾರದು. ಆದರೂ "ಇಷ್ಟ ಸಣ್ಣ ಮಾಡಿದ್ರ ಹೊಟ್ಟಿ ತುಂಬೂದು ಯಾವಾಗ್ವಾ" ಎಂದು ಧಾರವಾಡದ ಕನ್ನಡದಲ್ಲೇ ಕೇಳುವಳು. ಅವರೂ ನಗುತ್ತ ತಮ್ಮ ಭಾಷೆಯಲ್ಲಿ ಏನೋ ಅನ್ನುವರು. ನಾವು ಒಯ್ದಿದ್ದ ಶೇಂಗಾ ಚಟ್ನಿ ಆ ರೊಟ್ಟಿಗೆ ಚೆನ್ನಾಗಿ ಹೊಂದಿತು. ಹನ್ನೊಂದನೇ ದಿನಕ್ಕೆ ಚಟ್ನಿ ಮುಗಿದದ್ದು ನನ್ನ ಲೆಕ್ಕದಲ್ಲಿ ಈ ಪ್ರವಾಸದ ಎರಡನೆಯ ದೊಡ್ಡ ದುಃಖ.

ಮೊದಲನೆಯದು ಟಿಕಾಲಿನಲ್ಲಿ ನಡೆಯಿತು. ಅದು ಗ್ವಾಟೆಮಾಲಾದ ಕಾಡಿನೊಳಗಿನ ಹಾಳು ಪಟ್ಟಣ. ಮರಗಳಿಗಿಂತ ಎತ್ತರದ ಕಲ್ಲಿನ ಗುಡಿಗಳು, ಮೇಲೆ ಕೂಗುವ ಕೋತಿಗಳು. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ ಗುಡಿಗೆ ಪಕ್ಕದಲ್ಲಿ ಕಟ್ಟಿಗೆಯ ಮೆಟ್ಟಿಲು ಮಾಡಿದ್ದಾರೆ, ಮೇಲೆ ಹತ್ತಬಹುದು. ನಾನು ಕೆಳಗೇ ನಿಂತು, "ಶಕ್ಕು, ಬೂಟ ಬಿಚ್ಚು" ಎಂದೆ.

"ಯಾಕ?"

"ಗುಡಿ ಅಲ್ಲೇನು?"

"ಒಳಗ ದೇವ್ರಿಲ್ಲ, ಪೂಜಾರಿ ಇಲ್ಲ. ಸಾವಿರ ವರ್ಷ ಆತು ಖಾಲಿ ಆಗಿ."

"ಖಾಲಿ ಇದ್ರೂ ಗುಡಿ ಗುಡೀನ."

ಅವಳು ನಿಟ್ಟುಸಿರು ಬಿಟ್ಟು ಬಿಚ್ಚಿದಳು. ಮೆಟ್ಟಿಲ ಬುಡದಲ್ಲಿ ಒಬ್ಬ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಇಲ್ಲೇ ಬಿಡಿ, ನಾನಿದ್ದೇನೆ ಎಂದು ಕೈಸನ್ನೆಯಿಂದ ತೋರಿಸಿದ. ಮೂವತ್ತೈದು ವರ್ಷದ ಸ್ಟೋರ್‌ಕೀಪರ್ ಅಂಥ ಮಾತಿಗೆ ಮರುಳಾಗುತ್ತಾನೆಯೇ? ಅವನ ಕುರ್ಚಿಯ ಹತ್ತಿರ ಅವಳ ಬಲಗಾಲಿನ ಬೂಟು ಇಟ್ಟೆ. ಎಡಗಾಲಿನದನ್ನು ಇಪ್ಪತ್ತು ಹೆಜ್ಜೆ ಆಚೆ, ದೊಡ್ಡ ಮರದ ಬೇರಿನ ಸಂದಿಯಲ್ಲಿ ತುರುಕಿದೆ. ನನ್ನ ಬೂಟುಗಳಿಗೂ ಅದೇ ವ್ಯವಸ್ಥೆ. ಕಾವಲುಗಾರ ನನ್ನನ್ನೇ ನೋಡುತ್ತಿದ್ದ.

ಶಕ್ಕು ಕಟಾಂಜನ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ನಿಂತು, ಮತ್ತೆ ಹತ್ತಿ, ಅಂತೂ ಮೇಲೆ ಮುಟ್ಟಿದಳು. ಕೆಳಗೆ ಕಣ್ಣು ಹೋದಷ್ಟು ದೂರ ಕಾಡು, ನಡುವೆ ಎರಡು ಮೂರು ಗುಡಿಗಳ ತುದಿ ಮಾತ್ರ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಇಲ್ಲೆ ಹತ್ತಿದೆ ಅಂದ್ರ ಕೊಪಾನ್‌ದ್ದೂ ಆಗ್ತದ ಬಿಡ್ರಿ" ಎಂದಳು. ಅವಳ ಆ ಮುಖವನ್ನು ನಾನು ಮರೆತಿಲ್ಲ.

ಇಳಿದು ಬಂದೆವು. ಕುರ್ಚಿಯ ಹತ್ತಿರ ಇಟ್ಟದ್ದು ಇತ್ತು. ಮರದ ಹತ್ತಿರ ಹೋದರೆ ನನ್ನದಿದೆ, ಅವಳದಿಲ್ಲ. ಆ ಕಾಡಿನಲ್ಲಿ ಒಂದು ಪ್ರಾಣಿ ಇದೆ. ಮುಂಗುಸಿಗಿಂತ ದೊಡ್ಡದು, ಉದ್ದ ಮೂತಿ, ಬಾಲ ಮೇಲೆತ್ತಿಕೊಂಡು ಹಿಂಡು ಹಿಂಡಾಗಿ ತಿರುಗುತ್ತದೆ, ಸಿಕ್ಕಿದ್ದನ್ನು ಎಳೆದುಕೊಂಡು ಹೋಗುತ್ತದೆ. ಶಕ್ಕು ದಿನಾ ಬೆಳಿಗ್ಗೆ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬೂಟು ಹಾಕುವವಳು, ಬೂಟೆಲ್ಲ ಎಣ್ಣೆಯ ವಾಸನೆ. ಕಾವಲುಗಾರ ತನ್ನ ಮೂಗಿನ ಮುಂದೆ ಕೈಯಿಂದ ಉದ್ದ ಮೂತಿ ಮಾಡಿ ತೋರಿಸಿ, ಕಾಡಿನ ಕಡೆ ಬೆರಳು ಮಾಡಿದ. ಇಲ್ಲೇ ಇಡಿ ಎಂದಿರಲಿಲ್ಲವೇ ಎಂಬುದನ್ನೂ ಅವನು ಕಣ್ಣಲ್ಲೇ ಹೇಳಿದ.

ಮಾತೇಯೊ, ಕಾವಲುಗಾರ, ನಾನು ಅರ್ಧ ತಾಸು ಪೊದೆಗಳಲ್ಲಿ ಹುಡುಕಿದೆವು. ಸಿಗಲಿಲ್ಲ. ಉಳಿದ ಹನ್ನೆರಡು ಜನ ಬಸ್ಸಿನಲ್ಲಿ ಕಾಯುತ್ತಿದ್ದರು. ಶಕ್ಕು ಒಂದು ಕಾಲಿಗೆ ಬೂಟು ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಬೈಯಲಿಲ್ಲ. ನನ್ನ ಹೆಂಡತಿ ಬೈದರೆ ನಾನು ಹೆದರುವುದಿಲ್ಲ, ರೂಢಿಯಾಗಿದೆ. ಬೈಯದೆ ಇದ್ದಾಗ ಹೆದರುತ್ತೇನೆ.

ಹತ್ತಿರದ ಊರಿನ ಸಂತೆಯಲ್ಲಿ ಅವಳ ಕಾಲಿಗೆ ಸಿಕ್ಕದ್ದು ಚಪ್ಪಟೆ ರಬ್ಬರ್ ಚಪ್ಪಲಿ ಮಾತ್ರ. ಅದನ್ನು ಹಾಕಿಕೊಂಡು ಒಂದು ದಿನ ತಿರುಗಿದಳು, ಮರುದಿನ ನಸುಕಿನಿಂದ ಮಧ್ಯಾಹ್ನದವರೆಗೆ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಕೊಪಾನ್ ಮುಟ್ಟುವ ಹೊತ್ತಿಗೆ ಮೊಣಕಾಲು ಊದಿ ಕುಂಬಳಕಾಯಿಯಂತಾಗಿತ್ತು. ಅಲ್ಲಿ ನಮಗಿದ್ದದ್ದು ಒಂದು ಮಧ್ಯಾಹ್ನ, ಮರುದಿನ ಹತ್ತು ಗಂಟೆಗೆ ಬಸ್ಸು ಹೊರಡುವುದು. ಅವಳು ಹೋಟೆಲಿನ ಮಂಚದ ಮೇಲೆ ಮಲಗಿ ಗೋಡೆ ಕಡೆ ತಿರುಗಿಕೊಂಡು ಹೇಳಿದಳು, "ನೀವಽ ಹೋಗಿ ನೋಡಿ ಬರ್ರಿ. ಅಕ್ಷರ ಎಲ್ಲೆ ಅವ, ಕಾಲು ಎಲ್ಲೆ ಇಡ್ತಿದ್ರು, ಅಷ್ಟ ನೋಡಿ ಬಂದು ನನಗ ಹೇಳ್ರಿ. ಸಾಕು."

ಇಪ್ಪತ್ತೆರಡು ವರ್ಷ ಕಾಯ್ದವಳು ಸಾಕು ಎಂದದ್ದು ನನ್ನಿಂದಾಗಿ. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆ ಊರಿನಲ್ಲಿ ನಮ್ಮ ಪುಣೆಯಂಥದೇ ರಿಕ್ಷಾಗಳು ಓಡುತ್ತವೆ, ಕೆಂಪು ಬಣ್ಣದವು. ಅದರಲ್ಲಿ ಕೂತು ಹೋದೆ. ಬಾಗಿಲಲ್ಲಿ ಕೆಂಪು ದೊಡ್ಡ ಗಿಳಿಗಳು ಕಿರುಚುತ್ತಿದ್ದವು. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನಾನು ನೋಡಿದ ಹಾಳು ಪಟ್ಟಣಗಳೆಲ್ಲ ನನಗೆ ಕಲ್ಲುಗಳೇ. ಮಾತೇಯೊ ಹೇಳುವಾಗ ನಾನು ನೆರಳು ಹುಡುಕುತ್ತಿದ್ದೆ. ಅಂದು ಮಾತ್ರ ಪರೀಕ್ಷೆಗೆ ಹೊರಟವನಂತೆ ಹೋದೆ. ಮೆಟ್ಟಿಲ ಸಾಲು ಎತ್ತರವಾಗಿ ಎದ್ದಿತ್ತು. ಮಳೆ ಬಿಸಿಲು ತಾಗದಂತೆ ಮೇಲೆಲ್ಲ ದಪ್ಪ ಬಟ್ಟೆಯ ದೊಡ್ಡ ಚಪ್ಪರ, ಮುಂದೆ ಹಗ್ಗ. ಹಗ್ಗದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನೋಡಿದೆ.

ಒಂದು ನೋಟಕ್ಕೇ ಉತ್ತರ ಸಿಕ್ಕಿತು. ಇಷ್ಟೇನೇ ಅನ್ನಿಸುವಷ್ಟು ಸರಳ. ಓಡಿಹೋಗಿ ಅವಳಿಗೆ ಹೇಳಬೇಕು ಎಂದು ಎದ್ದೆ. ಎದ್ದವನು ಅಲ್ಲೇ ನಿಂತೆ. ಆ ಪ್ರಶ್ನೆ ನನ್ನದಲ್ಲ. ಬೂಟು ಕಳೆದವನು ನಾನು, ಈಗ ಉತ್ತರವನ್ನೂ ನಾನೇ ಎತ್ತಿಕೊಂಡು ಹೋದರೆ ಅವಳಿಗೆ ಉಳಿಯುವುದೇನು?

ಕೋಣೆಗೆ ಬಂದೆ. ಅವಳು ಎದ್ದು ಕೂತಿದ್ದಳು, ಕಾಲ ಕೆಳಗೆ ಎರಡು ದಿಂಬು.

"ನೋಡಿದ್ರಿ?"

"ನೋಡಿದೆ."

"ಅಕ್ಷರ ಎಲ್ಲೆ ಅವ?"

"ಮೆಟ್ಟಲದ ಮ್ಯಾಲೆ."

"ಅದು ನನಗೂ ಗೊತ್ತದ. ಕಾಲು ತಾಕ್ತದೋ ಇಲ್ಲೋ?"

"ಅದು ಸರಿ ಕಾಣಲಿಲ್ಲ."

"ಕಾಣಲಿಲ್ಲ ಅಂದ್ರ? ಅಷ್ಟು ದೂರ ಹೋಗಿ ಏನ್ ನೋಡಿದ್ರಿ? ಗಿಳಿ ನೋಡಿ ಬಂದ್ರೇನು? ಒಂದಽ ಒಂದು ಮಾತು ನೋಡ್ಕೊಂಡು ಬರ್ರಿ ಅಂತ ಕಳಿಸಿದ್ರ ಅದನ್ನೂ..." ಶುರುವಾಯಿತು. ಟಿಕಾಲಿನ ಬೂಟು, ಚಿಂಚವಡದ ಚಪ್ಪಲಿ, ಹಣಮಂತಮಾಮ, ಎಲ್ಲ ಸಾಲಾಗಿ ಬಂದವು. ನನ್ನ ಇಡೀ ಮನೆತನದ ಬುದ್ಧಿಯನ್ನು ಅರ್ಧ ತಾಸು ಜಾಲಾಡಿದಳು. ಎರಡು ದಿನದಿಂದ ಇದ್ದ ನನ್ನ ಹೆದರಿಕೆ ಆಗ ಇಳಿಯಿತು. ಕೊನೆಗೆ, "ನಿಮ್ಮನ್ನ ನಂಬಿದ್ರ ಆಗೂದಿಲ್ಲ. ನಾಳೆ ಮುಂಜಾನೆ ನಾನಽ ಬರ್ತೀನಿ" ಎಂದಳು.

ಬೆಳಿಗ್ಗೆ ನನ್ನ ಬೂಟು ಅವಳಿಗೆ, ಒಳಗೆ ಮೂರು ಜೊತೆ ಕಾಲುಚೀಲ. ಅವಳ ರಬ್ಬರ್ ಚಪ್ಪಲಿ ನನಗೆ, ಹಿಮ್ಮಡಿ ಹೊರಗೆ. ಎಂಟಕ್ಕೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ನನ್ನ ಭುಜ ಹಿಡಿದು ಹತ್ತು ಹೆಜ್ಜೆ, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಅಂತೂ ಮೆಟ್ಟಿಲ ಸಾಲಿನ ಎದುರು ಬಂದು ಮುಟ್ಟಿದೆವು. ಅವಳು ಹಗ್ಗ ಹಿಡಿದು, ನೋವನ್ನು ಹಲ್ಲು ಕಚ್ಚಿ ತಡೆದು, ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ರೀ, ಅಕ್ಷರ ಮ್ಯಾಲೆ ಇಲ್ರಿ. ಮುಂದ ಅವ. ಮೆಟ್ಟಲದ ಮಾರಿ ಮ್ಯಾಲೆ ಕೆತ್ತ್ಯಾರ. ಕಾಲಿಡೂ ಜಾಗ ಬರೇ ಕಲ್ಲು. ತಾಕೂದಿಲ್ಲ. ಕಾಲು ತಾಕೂದಿಲ್ಲ!"

ನಿಂತ ಮುಖದ ಮೇಲೆ ಅಕ್ಷರ, ಕಾಲಿಡುವಲ್ಲಿ ಖಾಲಿ ಕಲ್ಲು. ಕೆಳಗೆ ನಿಂತವನಿಗೆ ಇಡೀ ಮೆಟ್ಟಿಲ ಸಾಲು ಒಂದು ಪುಟವಾಗಿ ಕಾಣುತ್ತದೆ, ಹತ್ತುವವನ ಪಾದ ಒಂದಕ್ಷರವನ್ನೂ ತುಳಿಯುವುದಿಲ್ಲ. ಅವರು ಅದನ್ನು ಯಾವ ಕಾರಣಕ್ಕೆ ಹಾಗೆ ಮಾಡಿದರೋ ನನಗೆ ಗೊತ್ತಿಲ್ಲ. ನಮ್ಮ ಹೆದರಿಕೆ ಅವರಿಗೂ ಇತ್ತು ಎಂದು ಹೇಳುವಷ್ಟು ಓದಿದವನಲ್ಲ ನಾನು. ಶಕ್ಕುವಿಗೆ ಮಾತ್ರ ಸಂಶಯವಿರಲಿಲ್ಲ. ಅವಳ ಕಣ್ಣು ತುಂಬಿತ್ತು.

ಆಮೇಲೆ ನನ್ನ ಕಡೆ ತಿರುಗಿದಳು. "ಇಷ್ಟು ಚಂದ ಕಾಣ್ತದಲ್ರೀ. ನಿನ್ನೆ ನಿಮಗ ಯಾಕ ಕಾಣಲಿಲ್ಲ?"

"ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದೆ.

ಅವಳು ತಲೆಯೆತ್ತಿ ಮೇಲಿನ ಚಪ್ಪರ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ಒಂದು ಎಳೆ ಬಿಸಿಲೂ ಬೀಳದ ಚಪ್ಪರ. ವಾಪಸು ಬರುವಾಗ ನನ್ನ ಭುಜದ ಮೇಲಿದ್ದ ಕೈಯನ್ನು ತೋಳಿಗೆ ಇಳಿಸಿ ಹಿಡಿದುಕೊಂಡಳು. ಬಸ್ಸು ನಮಗಾಗಿ ಐದು ನಿಮಿಷ ಕಾಯಬೇಕಾಯಿತು.

ಪುಣೆಗೆ ಬಂದ ವಾರವೇ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿ ರೇಣುಕಾಳ ನಂಬರ್ ಹಿಡಿದಳು. ಭೋಸರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಇಬ್ಬರು ಮಕ್ಕಳು. ಫೋನು ಸ್ಪೀಕರಿನಲ್ಲಿತ್ತು, ಹಿಂದೆ ಹೊಲಿಗೆ ಯಂತ್ರದ ಸದ್ದು. ಶಕ್ಕು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಆ ಕಡೆ ಯಂತ್ರ ನಿಂತಿತು. "ಅಕ್ಕಾರ, ನಾ ಹಂಗ ಕೇಳಿದ್ನೇನ್ರಿ? ನನಗ ನೆಪ್ಪಽ ಇಲ್ರಿ" ಎಂದಿತು ಆ ಹುಡುಗಿ. ಇವಳ ಮುಖ ಸಣ್ಣದಾಗುತ್ತದೆ ಎಂದು ನಾನು ಹೆದರಿದೆ. ಇವಳು ನಕ್ಕಳು. "ನೀ ಮರ್ತಿದ್ರೂ ನಡೀತದವ್ವಾ, ನಿನ್ನ ಮಕ್ಕಳಿಗೆ ಹೇಳು" ಎಂದಳು.

ಆಪರೇಷನ್ ಆಯಿತು. ನಾಲ್ಕು ತಿಂಗಳ ನಂತರ ಡಾಕ್ಟರು ಮೆಟ್ಟಿಲು ಹತ್ತಬಹುದು ಎಂದರು. ಮರುದಿನ ಬೆಳಿಗ್ಗೆಯೇ ಇಬ್ಬರೂ ನಮ್ಮ ನಿಗಡಿಯ ದುರ್ಗಾ ಟೇಕಡಿ ಎಂಬ ಗುಡ್ಡಕ್ಕೆ ಹೋದೆವು. ಗುಡಿಯ ಹತ್ತಿರ ಬಂದಾಗ ನಾನು ಪಾಠ ಕಲಿತವನು ಎಂದು ತೋರಿಸಲು ನನ್ನ ಚಪ್ಪಲಿಗಳನ್ನು ಜೋಡಿಸಿ, ಒಂದಕ್ಕೊಂದು ತಾಗಿಸಿ ಇಟ್ಟೆ. ಪಕ್ಕದಲ್ಲಿ ಅವಳವನ್ನೂ ಹಾಗೆಯೇ ಇಟ್ಟೆ. ಶಕ್ಕು ನಿಂತು ನೋಡಿದಳು. ಹೊಸ ಮೊಣಕಾಲು ಮಡಚಿ ಬಗ್ಗಿದಳು, ನನ್ನದೊಂದು ಮತ್ತು ತನ್ನದೊಂದು ಚಪ್ಪಲಿ ಎತ್ತಿಕೊಂಡು ಹೋಗಿ ಆಚೆ ಕಟ್ಟೆಯ ಬದಿಗೆ ಜೋಡಿಯಾಗಿ ಇಟ್ಟು ಬಂದಳು.

"ಇದೇನಿದು?" ಎಂದೆ.

"ಹೋದ್ರ ಇಬ್ಬರದೂ ಒಂದೊಂದು ಹೋಗ್ಲಿ" ಎಂದಳು, ಮತ್ತು ಒಳಗೆ ನಡೆದಳು.